ಇಕ್ಕಟ್ಟಾದ ಗೋದಾಮಿಗೆ ಫೋರ್ಕ್‌ಲಿಫ್ಟ್: ಮುಖ್ಯಾಂಶಗಳು

ಮೂಲ ವಿಚಾರ
• ರ‍್ಯಾಕ್‌ಗಳ ಎರಡು ಸಾಲುಗಳ ನಡುವಿನ ದಾರಿಯೇ ಐಲ್.
• ಗಾಡಿ ಹಾದುಹೋದರೆ ಸಾಲದು; ಪ್ಯಾಲೆಟ್ (ಸರಕು ಇಡುವ ಚಪ್ಪಟೆ ಹಲಗೆ) ಹೊತ್ತು ರ‍್ಯಾಕ್ ಕಡೆಗೆ ತಿರುಗಬೇಕು. ಐಲ್‌ನ ಅಗಲ ನಿರ್ಧಾರವಾಗುವುದು ಈ ತಿರುವಿನಿಂದ.
• ಕೆಳಗಿನ ಅಳತೆಗಳು ಅಂದಾಜು; ಮಾದರಿ ಮತ್ತು ಪ್ಯಾಲೆಟ್ ಗಾತ್ರಕ್ಕೆ ತಕ್ಕಂತೆ ಬದಲಾಗುತ್ತವೆ.

ವಿಧಗಳು
1. ಕೌಂಟರ್‌ಬ್ಯಾಲೆನ್ಸ್: ಹಿಂಬದಿಯ ತೂಕ ಮುಂದಿನ ಹೊರೆಯನ್ನು ಸರಿತೂಗಿಸುತ್ತದೆ. ಇಡೀ ಗಾಡಿ ತಿರುಗಬೇಕಾದ್ದರಿಂದ 3.5–4 ಮೀಟರ್ ಐಲ್ ಬೇಕು. ಮೂರು ಚಕ್ರದ ಎಲೆಕ್ಟ್ರಿಕ್ ಗಾಡಿಗೆ ಇನ್ನೂ ಕಡಿಮೆ ಸಾಕು.
2. ರೀಚ್ ಟ್ರಕ್: ಫೋರ್ಕ್ ಮುಂದೆ ಚಾಚಿ ಪ್ಯಾಲೆಟ್ ಹಿಡಿದು, ಮತ್ತೆ ಒಳಗೆಳೆದುಕೊಳ್ಳುತ್ತದೆ. ಹೊರೆ ಗಾಡಿಯ ಮುಂಗಾಲುಗಳ ನಡುವೆ ಕೂರುವುದರಿಂದ ಒಟ್ಟು ಉದ್ದ ತಗ್ಗುತ್ತದೆ. ಐಲ್ 2.7–3 ಮೀಟರ್, 10 ಮೀಟರ್‌ಗೂ ಮೇಲೆ ಎತ್ತುವ ಮಾದರಿಗಳಿವೆ.
3. ವಾಕಿ ಸ್ಟ್ಯಾಕರ್: ಚಾಲಕ ನಡೆದುಕೊಂಡೇ ನಡೆಸುತ್ತಾನೆ. ಚಿಕ್ಕ ಗೋದಾಮು, ಕಡಿಮೆ ಎತ್ತರ, ಹಗುರ ಕೆಲಸಕ್ಕೆ ಸೂಕ್ತ.
4. ಆರ್ಟಿಕ್ಯುಲೇಟೆಡ್: ಗಾಡಿ ನಡುವಿನಲ್ಲಿ ಬಾಗಿ, ಮುಂಭಾಗ ಪಕ್ಕಕ್ಕೆ ತಿರುಗುತ್ತದೆ. ಸುಮಾರು 2 ಮೀಟರ್ ಐಲ್ ಸಾಕು. ಹೊರಾಂಗಣದಲ್ಲೂ ಓಡಬಲ್ಲ ಮಾದರಿಗಳಿವೆ.
5. ಟರೆಟ್ ಟ್ರಕ್: ಗಾಡಿ ತಿರುಗುವುದಿಲ್ಲ, ಫೋರ್ಕ್ ಮಾತ್ರ ಎಡಬಲಕ್ಕೆ ತಿರುಗುತ್ತದೆ. ಐಲ್ 1.6–1.8 ಮೀಟರ್. ನೆಲದಲ್ಲಿ ಹುದುಗಿಸಿದ ತಂತಿ ಅಥವಾ ಬದಿಯ ಹಳಿ ದಾರಿ ತೋರಿಸುತ್ತದೆ. ನೆಲ ಅತ್ಯಂತ ಸಮತಟ್ಟಾಗಿರಬೇಕು.
6. ಆರ್ಡರ್ ಪಿಕರ್: ಫೋರ್ಕ್ ಜೊತೆ ಚಾಲಕನೂ ಮೇಲೇರುತ್ತಾನೆ. ಇಡೀ ಪ್ಯಾಲೆಟ್ ಬದಲು ಬಿಡಿ ಪೆಟ್ಟಿಗೆ ತೆಗೆಯಲು ಬಳಕೆ.

ಸಾಮರ್ಥ್ಯ, ಸ್ಥಿರತೆ
• ಲೋಡ್ ಸೆಂಟರ್: ಫೋರ್ಕ್‌ನ ಬುಡದಿಂದ ಹೊರೆಯ ಗುರುತ್ವ ಕೇಂದ್ರಕ್ಕಿರುವ ದೂರ. ಸಣ್ಣ ಗಾಡಿಗಳಲ್ಲಿ ಸಾಮಾನ್ಯವಾಗಿ 500 ಮಿ.ಮೀ.
• ಈ ದೂರವೋ ಎತ್ತುವ ಎತ್ತರವೋ ಹೆಚ್ಚಿದಂತೆ ಎತ್ತಬಹುದಾದ ತೂಕ ಇಳಿಯುತ್ತದೆ. ಗಾಡಿಯ ಮೇಲಿನ ಸಾಮರ್ಥ್ಯದ ಫಲಕವೇ ಪ್ರಮಾಣ.
• ಸ್ಥಿರತೆಯ ತ್ರಿಕೋನ: ಕೌಂಟರ್‌ಬ್ಯಾಲೆನ್ಸ್ ಗಾಡಿಯ ಎರಡು ಮುಂಚಕ್ರ ಹಾಗೂ ಹಿಂದಿನ ಆಕ್ಸಲ್‌ನ ನಡುಬಿಂದು. ಒಟ್ಟು ಗುರುತ್ವ ಕೇಂದ್ರ ಇದರಾಚೆ ಹೋದರೆ ಗಾಡಿ ಮಗುಚುತ್ತದೆ.

ಶಕ್ತಿ ಮೂಲ
• ಮುಚ್ಚಿದ ಗೋದಾಮಿಗೆ ಎಲೆಕ್ಟ್ರಿಕ್ ಗಾಡಿಯೇ ಮೇಲು. ಎಂಜಿನ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ.
• ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಆ ಜಾಗಕ್ಕೆ ಗಾಳಿ ಬೇಕು, ಬೆಂಕಿ ಕೂಡದು.

ವರ್ಗೀಕರಣ
• ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾದ (OSHA) ಪಟ್ಟಿಯಲ್ಲಿ 7 ವರ್ಗಗಳು. ವರ್ಗ 1: ಚಾಲಕ ಏರಿ ನಡೆಸುವ ಎಲೆಕ್ಟ್ರಿಕ್ ಗಾಡಿ, ವರ್ಗ 2: ಕಿರಿದಾದ ಐಲ್‌ನ ಎಲೆಕ್ಟ್ರಿಕ್ ಗಾಡಿ, ವರ್ಗ 3: ಎಲೆಕ್ಟ್ರಿಕ್ ಹ್ಯಾಂಡ್ ಟ್ರಕ್.
• ರೀಚ್ ಟ್ರಕ್, ಟರೆಟ್ ಟ್ರಕ್, ಆರ್ಡರ್ ಪಿಕರ್ ಸೇರುವುದು ವರ್ಗ 2ಕ್ಕೆ.

ಉತ್ತರಿಸುವಾಗ
• ‘ಯಾವ ಗಾಡಿ ಸೂಕ್ತ?’ ಎಂಬ ಪ್ರಶ್ನೆಗೆ ಐಲ್ ಅಗಲ, ಎತ್ತರ, ತೂಕ, ನೆಲ – ಈ ಕ್ರಮದಲ್ಲಿ ಬರೆಯಿರಿ. ಹೆಚ್ಚಿನವರು ಬಿಡುವುದು ನೆಲವನ್ನೇ.