ಭೌತಿಕ ವಿಜ್ಞಾನಗಳೂ ಹೊಗೆಸೊಪ್ಪಿನ ಬೇಸಾಯವೂ

ಜಡವಸ್ತು ಹಾಗೂ ಶಕ್ತಿಗಳ ಸ್ವರೂಪವನ್ನು ವಿಚಾರಮಾಡುವ ಶಾಸ್ತ್ರಗಳಿಗೆ ಭೌತಿಕ ವಿಜ್ಞಾನಗಳೆಂದು ಹೆಸರು. ಖಗೋಳಶಾಸ್ತ್ರ, ಭೂವಿಜ್ಞಾನ, ಭೌತಶಾಸ್ತ್ರ, ರಸಾಯನಶಾಸ್ತ್ರ ಎಂಬಿವು ಇವುಗಳ ಮುಖ್ಯ ಶಾಖೆಗಳು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ವರ್ಜೀನಿಯ ಹೊಗೆಸೊಪ್ಪನ್ನು ಬೆಳೆಯುವ ರೈತರಿಗೆ ಇವೆಲ್ಲವೂ ನಿತ್ಯದ ವಿಷಯಗಳೇ ಆಗಿವೆ.

ಸೂರ್ಯನ ಗತಿಯನ್ನು ಅನುಸರಿಸಿ ಮಳೆಗಳನ್ನು ಭರಣಿ, ಕೃತ್ತಿಕೆ, ರೋಹಿಣಿ ಎಂದು ಎಣಿಸುವುದಕ್ಕೆ ಖಗೋಳಶಾಸ್ತ್ರವು ಆಧಾರ. ಮರಳು ಬೆರೆತ ಕೆಂಪು ಭೂಮಿಯಲ್ಲಿ ನೀರು ಬೇಗನೆ ಬಸಿದುಹೋಗುವ ಕಾರಣವನ್ನು ಭೂವಿಜ್ಞಾನವು ತಿಳಿಸುತ್ತದೆ.

ಬ್ಯಾರನ್ನಿನಲ್ಲಿ ಸೊಪ್ಪನ್ನು ಹದಮಾಡುವಾಗ ಉಳಿದೆರಡು ಶಾಸ್ತ್ರಗಳು ಒಟ್ಟಿಗೆ ಕೆಲಸಮಾಡುತ್ತವೆ. ಕಾದ ಕೊಳವೆಗಳಿಂದ ಬಿಸಿಯಾದ ಗಾಳಿಯು ಮೇಲೇರಿ ಎಲೆಯ ತೇವವನ್ನು ಒಯ್ಯುವುದು ಭೌತಕ್ರಿಯೆ. ಹಸಿರು ಅಳಿದು, ಪಿಷ್ಟವು ಸಕ್ಕರೆಯಾಗುವುದು ರಸಾಯನಕ್ರಿಯೆ. ಎರಡನೆಯದು ಮುಗಿಯುವ ಮೊದಲೇ ಎಲೆ ಒಣಗಬಾರದು. ಆದುದರಿಂದ ಸೊಪ್ಪು ಹಳದಿಗೆ ತಿರುಗುವವರೆಗೂ ಉಷ್ಣತೆಯನ್ನು ಸುಮಾರು 32ರಿಂದ 38 ಡಿಗ್ರಿ ಸೆಲ್ಷಿಯಸ್ಸಿನಲ್ಲಿಯೇ ಇಡತಕ್ಕದ್ದು. ಅವಸರದಿಂದ ಉರಿ ಹೆಚ್ಚಿಸಿದರೆ ಎಲೆಯು ಹಸಿರಾಗಿಯೇ ಒಣಗುವುದು. ಆಮೇಲೆ ಎಷ್ಟು ಸೌದೆ ಉರಿಸಿದರೂ ಹಳದಿ ಬಣ್ಣ ಬಾರದು. ಹಳದಿಯಾದ ಬಳಿಕ ಉಷ್ಣತೆಯನ್ನು ಮೆಲ್ಲಮೆಲ್ಲನೆ ಏರಿಸುತ್ತ, ನಡುದಂಟು ಒಣಗುವ ಕಾಲಕ್ಕೆ ಸುಮಾರು 71 ಡಿಗ್ರಿಗೆ ತರಬೇಕು. ವರ್ಷದ ದುಡಿಮೆಯು ಒಂದು ರಾತ್ರಿಯ ಉರಿಯಲ್ಲಿ ಕೆಡದಂತೆ, ಬ್ಯಾರನ್ನಿನೊಳಗೆ ಉಷ್ಣಮಾಪಕವನ್ನು ತೂಗುಹಾಕಿ ಆಗಾಗ್ಗೆ ನೋಡುತ್ತಿರುವುದು ಅವಶ್ಯಕ.