ಓ.ಡಿ. ಓದಲು ಮಾಡಿದ ಸಾಲ

"ಓ.ಡಿ.ಗೆ ಸಾಲ ಬೇಕಿತ್ತು ಸಾರ್" ಅಂದೆ. ಬ್ಯಾಂಕಿನವರು ಓವರ್‌ಡ್ರಾಫ್ಟ್ ಅರ್ಜಿ ಕೈಗಿಟ್ಟರು! ನಾನು ಹೇಳಿದ್ದು ಆರ್ಗನೈಸೇಷನ್ ಡೆವಲಪ್‌ಮೆಂಟ್. ಲೀಡರ್‌ಶಿಪ್ ಅಂತ ಬಾಲವೂ ಇದ್ದ ಎರಡು ವರ್ಷದ ಸ್ನಾತಕೋತ್ತರ ಪದವಿ, ಶನಿವಾರ-ಭಾನುವಾರ ತರಗತಿ. ನನಗಾಗ 38. ಪೀಣ್ಯದ ಕಾರ್ಖಾನೆಯೊಂದರಲ್ಲಿ ಹಾಜರಿ, ರಜೆ, ಪಿ.ಎಫ್. ಅಂತಲೇ 13 ವರ್ಷ ಸವೆಸಿದ್ದೆ. "ಮಗಳ ಫೀಸು ಕಟ್ಟೋ ವಯಸ್ಸಲ್ಲಿ ನೀನೇ ಹೊರಟೆಯಲ್ಲೇ" ಅಂದಳು ಅಮ್ಮ.

ಫೀಸು 8 ಲಕ್ಷ. ಬ್ಯಾಂಕಿನಿಂದ 6 ಲಕ್ಷ, ಶೇ 10.5ರ ಬಡ್ಡಿ, ಭಾವ ಜಾಮೀನು ಹಾಕಿದರು. ಉಳಿದ 2 ಲಕ್ಷ ಆಫೀಸಿನ ಮುಂಗಡ. ಬಡ್ಡಿ ಕಡಿಮೆ ಅಂತ ಆಸೆಬಿದ್ದೆ. ಜೊತೆಗಿದ್ದ ಬಾಂಡನ್ನು ಸರಿಯಾಗಿ ಓದದೆ ಸಹಿ ಹಾಕಿದೆ. ಎಚ್.ಆರ್.ನವಳೇ ಹೀಗೆ ಮಾಡಿದ್ದಕ್ಕೆ ಈಗಲೂ ನಾಚಿಕೆ.

ಓದುವ ಎರಡು ವರ್ಷ, ಮೇಲೊಂದು ವರ್ಷ ಕಂತಿಲ್ಲ ಎಂದಾಗ ನಿರಾಳವಾಗಿದ್ದೆ. ಕಂತಿಗೆ ರಜೆ ಇತ್ತೇ ಹೊರತು ಬಡ್ಡಿಗೆ ಇರಲಿಲ್ಲ. ವರ್ಷಕ್ಕೆ 63,000, ಮೂರು ವರ್ಷಕ್ಕೆ 1,89,000. ಕಂತು ಶುರುವಾದ ದಿನ ಸಾಲ 7,89,000 ಆಗಿ ಕೂತಿತ್ತು. ತರಗತಿಯಲ್ಲಿ ಕೇಳಿದ್ದು ಬದಲಾವಣೆ ಕುರಿತ ಮನೋವಿಜ್ಞಾನಿ ಕರ್ಟ್ ಲೆವಿನ್ನನ ಪಾಠ: ಹೆಪ್ಪುಗಟ್ಟಿದ್ದನ್ನು ಕರಗಿಸು, ಬದಲಿಸು, ಮತ್ತೆ ಹೆಪ್ಪುಗಟ್ಟಿಸು. ನನ್ನ ಬಡ್ಡಿ ಮೊದಲೆರಡು ಹೆಜ್ಜೆ ಬಿಟ್ಟು ಸೀದಾ ಹೆಪ್ಪುಗಟ್ಟಿತ್ತು. ತಿಂಗಳಿಗೆ 5,250 ರೂಪಾಯಿ ಬಡ್ಡಿಯನ್ನಷ್ಟೇ ಆಗಾಗಲೇ ಕಟ್ಟಿದ್ದರೆ ಅಸಲು ಬೆಳೆಯುತ್ತಿರಲಿಲ್ಲ. ಹಾಗೆ ಕಟ್ಟಿದವರಿಗೆ ಕೆಲವು ಬ್ಯಾಂಕುಗಳು ಬಡ್ಡಿದರದಲ್ಲಿ ಶೇ 1 ಬಿಡುತ್ತವೆ.

ಪದವಿ ಬಂತು. ಕಾರ್ಖಾನೆಯಲ್ಲಿ ಸಂಬಳ ಏರಲಿಲ್ಲ, ಹುದ್ದೆಯ ಹೆಸರು ಮಾತ್ರ ಉದ್ದವಾಯಿತು. ಒಂದೂವರೆ ವರ್ಷ ಕಾದು ಬೇರೆ ಕಡೆ ಸೇರಿದೆ; ಅಲ್ಲಿ ತಿಂಗಳಿಗೆ 28,000 ಹೆಚ್ಚು. ಆದರೆ ನಾನು ಓದದೆ ಸಹಿ ಹಾಕಿದ ಬಾಂಡಿನಲ್ಲಿ ಪದವಿಯಾದ ಮೇಲೆ ಮೂರು ವರ್ಷ ಕೆಲಸ ಬಿಡುವಂತಿಲ್ಲ ಅಂತಿತ್ತು; ಮುಂಗಡದ ಬಾಕಿಯೆಲ್ಲ ಒಂದೇ ಸಲಕ್ಕೆ ಕಕ್ಕಬೇಕಾಯಿತು. ಬಳೆ ಅಡವಿಗೆ ಹೋಯಿತು.

ಆಡಿಟರ್ ಇನ್ನೊಂದು ಬಾಂಬು ಹಾಕಿದರು. ಆದಾಯ ತೆರಿಗೆಯಲ್ಲಿ (ಆಗ 80ಇ ಕಲಂ) ಬ್ಯಾಂಕಿನ ಶಿಕ್ಷಣ ಸಾಲದ ಬಡ್ಡಿಗೆ, ಕಟ್ಟಲು ಶುರುಮಾಡಿದ ವರ್ಷದಿಂದ 8 ವರ್ಷ, ಮಿತಿಯಿಲ್ಲದ ವಿನಾಯಿತಿ. ಅಸಲಿಗಿಲ್ಲ. ಆಫೀಸಿನಿಂದಲೋ ನೆಂಟರಿಂದಲೋ ತಂದ ಸಾಲದ ಬಡ್ಡಿಗೂ ಇಲ್ಲ.

ಓದಿದ್ದಕ್ಕೆ ಪಶ್ಚಾತ್ತಾಪವಿಲ್ಲ, ಸಾಲ ಮಾಡಿದ ರೀತಿಗೆ ಇದೆ. ಇನ್ನೊಂದು ಮಾತು: ಹೊಸ ತೆರಿಗೆ ಪದ್ಧತಿಯಲ್ಲಿ ಬಡ್ಡಿಯ ಈ ವಿನಾಯಿತಿ ಸಿಗುವುದಿಲ್ಲ. ಬಡ್ಡಿ ಕಟ್ಟುವ ವರ್ಷಗಳಲ್ಲಿ ಎರಡೂ ಪದ್ಧತಿಯ ಲೆಕ್ಕ ಹಾಕಿಸಿಯೇ ರಿಟರ್ನ್ಸ್ ಸಲ್ಲಿಸಿ.