ನೀರಿಗಿಳಿಯುವ ಚಾಕು, ಹಡಗು ಹತ್ತದ ಚಾಕು

ಕುಮಟಾದ ಸಂತೆಗುಳಿ ಕಡೆಯವರಿಗೆ ಹರಿತವಾದ ವಸ್ತು ಹೊಸತೇನಲ್ಲ. ತೋಟಕ್ಕೆ ಹೊರಟವನ ಸೊಂಟದಲ್ಲಿ ಕತ್ತಿ, ಅಡುಗೆಮನೆಯಲ್ಲಿ ಮೆಟ್ಟುಗತ್ತಿ, ಕವಳದ ಬಟ್ಟಲಲ್ಲಿ ಅಡಕತ್ತರಿ. ಇವನ್ನೆಲ್ಲ ಯಾರೂ ಆಯುಧ ಅನ್ನುವುದಿಲ್ಲ. ಸ್ಕೂಬಾ ಮುಳುಗುವವರ ಚಾಕುವೂ ಇದೇ ಜಾತಿಯದು, ಅದೊಂದು ಕೆಲಸದ ಸಾಮಾನು. ಆದರೆ ಪ್ರವಾಸಿ ಹಡಗಿನ ಬಾಗಿಲಲ್ಲಿ ಎಕ್ಸ್‌ರೇ ಯಂತ್ರದ ಮುಂದೆ ಕೂತವನಿಗೆ ನಿಮ್ಮ ಕೆಲಸ ಕಾಣುವುದಿಲ್ಲ, ಉಕ್ಕಿನ ಅಲಗು ಮಾತ್ರ ಕಾಣುತ್ತದೆ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಒಂದೆರಡು ಸಲ ಮುಳುಗಿ ಬಂದು, ಮುಂದಿನ ರಜೆಗೆ ಮುಂಬೈಯಿಂದಲೋ ಕೊಚ್ಚಿಯಿಂದಲೋ ಹಡಗು ಹತ್ತುವ ಯೋಚನೆಯಲ್ಲಿರುವ ಹೊಸಬರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಬೇಕು. ನೀರಿನೊಳಗೆ ಚಾಕು ಇರುವುದು ಹೋರಾಡಲು ಅಂತ ಬಹಳ ಜನ ತಿಳಿದಿದ್ದಾರೆ. ಇದಕ್ಕೆ ಸಿನಿಮಾಗಳೇ ಕಾರಣ. 1965ರ ಜೇಮ್ಸ್ ಬಾಂಡ್ ಚಿತ್ರ ‘ಥಂಡರ್‌ಬಾಲ್’ನಲ್ಲಿ ನೀರಿನಡಿಯಲ್ಲೇ ದೊಡ್ಡ ಕಾಳಗ ನಡೆಯುತ್ತದೆ. ನಮ್ಮಲ್ಲೂ ಶಂಕರ್ ನಾಗ್ ನಿರ್ದೇಶನದ ‘ಒಂದು ಮುತ್ತಿನ ಕಥೆ’ಯಲ್ಲಿ (1987) ರಾಜ್‌ಕುಮಾರ್ ಮುತ್ತಿಗಾಗಿ ಮುಳುಗುವವನ ಪಾತ್ರ ಮಾಡಿದರು. ಅವರ ಮಗ ಪುನೀತ್ ‘ಗಂಧದ ಗುಡಿ’ಗಾಗಿ ನೇತ್ರಾಣಿಯ ನೀರಿಗೇ ಇಳಿದರು. 2022ರಲ್ಲಿ ಆ ಚಿತ್ರ ಬಂದಮೇಲೆ ಈ ದ್ವೀಪದ ಹೆಸರು ಘಟ್ಟದ ಮೇಲಿನ ಊರುಗಳಿಗೂ ಗೊತ್ತಾಯಿತು. ಆದರೆ ನೀರಿನಡಿ ನಿಜವಾಗಿ ಹೆದರಬೇಕಾದದ್ದು ಶಾರ್ಕಿಗಲ್ಲ, ಗಾಳದ ನೈಲಾನ್ ದಾರಕ್ಕೆ. ಅದು ನೀರಲ್ಲಿ ಕಣ್ಣಿಗೇ ಬೀಳುವುದಿಲ್ಲ. ಮೀನುಗಾರರ ಕೈಬಿಟ್ಟು ಹೋದ ಬಲೆಯ ತುಂಡು ಬಂಡೆಗೆ ಸಿಕ್ಕಿ ವರ್ಷಗಟ್ಟಲೆ ಅಲ್ಲೇ ಇರುತ್ತದೆ, ನೈಲಾನ್ ಕೊಳೆಯುವುದಿಲ್ಲ. ಅದು ಕಾಲಿನ ಫಿನ್ನಿಗೋ ಬೆನ್ನಿನ ಸಿಲಿಂಡರಿನ ತಲೆಗೋ ಸುತ್ತಿಕೊಂಡರೆ, ಎಳೆದಷ್ಟೂ ಬಿಗಿಯಾಗುತ್ತದೆ. ಆಗ ಎಳೆಯಬಾರದು. ಅಲ್ಲಾಡದೆ ನಿಂತು, ಜೊತೆಗಾರನಿಗೆ ಸನ್ನೆ ಮಾಡಿ, ದಾರ ಕತ್ತರಿಸಬೇಕು. ಚಾಕುವಿನ ಕೆಲಸ ಇಷ್ಟೇ.

ಕೆಲಸ ಗೊತ್ತಾದಮೇಲೆ ಯಾವುದನ್ನು ಕೊಳ್ಳಬೇಕು ಅನ್ನುವುದು ಅರ್ಧ ತೀರ್ಮಾನವಾದಂತೆ. ಮೊನೆ ಚೂಪಾಗಿರಬೇಕಿಲ್ಲ. ಅವಸರದಲ್ಲಿ ಒರೆಯಿಂದ ಎಳೆಯುವಾಗ ಚೂಪು ಮೊನೆ ನಿಮ್ಮ ಸೂಟನ್ನೋ ಗಾಳಿ ತುಂಬುವ ಜಾಕೆಟ್ಟನ್ನೋ ತೂತು ಮಾಡೀತು. ಆದ್ದರಿಂದ ಮೊಂಡು ಮೊನೆಯದೇ ಒಳ್ಳೆಯದು. ಒಂದು ಬದಿ ಸಾದಾ ಬಾಯಿ, ಇನ್ನೊಂದು ಬದಿ ಗರಗಸದ ಹಲ್ಲು ಇದ್ದರೆ ತೆಳು ದಾರವೂ ದಪ್ಪ ಹಗ್ಗವೂ ತುಂಡಾಗುತ್ತವೆ. ಸ್ಟೇನ್‌ಲೆಸ್ ಸ್ಟೀಲು ಅಂದರೆ ತುಕ್ಕು ಹಿಡಿಯುವುದೇ ಇಲ್ಲ ಅಂದುಕೊಳ್ಳಬೇಡಿ. 420 ಎಂಬ ದರ್ಜೆಯದು ಹರಿತ ಉಳಿಸಿಕೊಳ್ಳುತ್ತದೆ, ಆದರೆ ಉಪ್ಪುನೀರಿಗೆ ಬೇಗ ಸೋಲುತ್ತದೆ. 304 ಇದಕ್ಕೆ ಉಲ್ಟಾ. ಟೈಟಾನಿಯಂ ತುಕ್ಕು ಹಿಡಿಯುವುದಿಲ್ಲ, ಬೆಲೆ ಮಾತ್ರ ಜಾಸ್ತಿ. ಯಾವುದೇ ಆದರೂ ಮೇಲೆ ಬಂದಕೂಡಲೇ ಸಿಹಿನೀರಲ್ಲಿ ತೊಳೆದು, ಒಣಗಿಸಿ, ಒರೆಗೆ ಹಾಕಬೇಕು.

ಸಿನಿಮಾದಲ್ಲಿ ಕಾಲಿನ ಮೀನಖಂಡಕ್ಕೆ ಕಟ್ಟಿರುತ್ತಾರಲ್ಲ, ಆ ಪದ್ಧತಿ ಈಗ ಕಡಿಮೆಯಾಗಿದೆ. ಕಾಲಿಗೆ ಕಟ್ಟಿದ ಚಾಕುವಿಗೇ ದಾರ ಸಿಕ್ಕಿಕೊಳ್ಳುತ್ತದೆ. ಎದೆಯ ಭಾಗದಲ್ಲಿ, ಎರಡು ಕೈಗಳಲ್ಲಿ ಯಾವುದು ಬಿಡುವಾಗಿದ್ದರೂ ಎಟುಕುವ ಕಡೆ ಇರಬೇಕು.

ಚಾಕುವಿಗಿಂತ ನನಗೆ ಹೆಚ್ಚು ಒಪ್ಪಿಗೆಯಾದ ಎರಡು ಸಾಮಾನುಗಳಿವೆ. ಒಂದು ದಾರ ಕತ್ತರಿಸುವ ಕಟರ್: ಪ್ಲಾಸ್ಟಿಕ್ ಹಿಡಿಕೆಯ ಸಂದಿಯಲ್ಲಿ ಬ್ಲೇಡು ಅಡಗಿರುತ್ತದೆ, ದಾರ ಮಾತ್ರ ಒಳಗೆ ಹೋಗುತ್ತದೆ, ಬೆರಳು ಹೋಗುವುದಿಲ್ಲ. ಇನ್ನೊಂದು ಆಂಬುಲೆನ್ಸಿನಲ್ಲಿ ಗಾಯಾಳುವಿನ ಬಟ್ಟೆ ಕತ್ತರಿಸುವ, ಮೊಂಡು ತುದಿಯ ಬಾಗಿದ ಕತ್ತರಿ. ಒಂದೇ ಕೈಯಲ್ಲಿ ಬಳಸಬಹುದು. ಚಾಕುವಾದರೆ ಬಲೆಯ ಹುರಿಯನ್ನು ಬಿಗಿಹಿಡಿಯಬೇಕು. ಕತ್ತರಿಗೆ ಅದು ಬೇಕಿಲ್ಲ. ಎರಡೂ ಅಗ್ಗ, ಎರಡೂ ಹಗುರ. ಹಡಗಿನ ಬಾಗಿಲಲ್ಲಿ ಇವಕ್ಕೆ ಆಕ್ಷೇಪ ಬರುವುದೂ ಕಡಿಮೆ. ಹಾಗಂತ ಬರುವುದೇ ಇಲ್ಲ ಎಂದಲ್ಲ.

ಈಗ ಹಡಗಿನ ವಿಷಯ. ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಕ್ಕೆ ಕಾರ್ಡೇಲಿಯಾ ಕಂಪನಿಯ ಹಡಗು 2021ರಿಂದ ಓಡಾಡುತ್ತಿದೆ. ಕೊಚ್ಚಿಯಿಂದ ಲಕ್ಷದ್ವೀಪ ಆಡಳಿತದ ಎಂ.ವಿ. ಕವರತ್ತಿ ಹಡಗಿನ ‘ಸಮುದ್ರಂ’ ಪ್ರವಾಸವಿದೆ: ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ ಸುತ್ತಾಟ, ರಾತ್ರಿ ಹಡಗಲ್ಲೇ ನಿದ್ದೆ. ವಿದೇಶದಲ್ಲಿರುವ ನಮ್ಮ ಮಕ್ಕಳು ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವ ದೊಡ್ಡ ಹಡಗುಗಳು ಬೇರೆ. ನಿಯಮ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಕೆಲವರು 4 ಇಂಚಿಗಿಂತ ಉದ್ದದ ಅಲಗು ಬೇಡ ಅನ್ನುತ್ತಾರೆ, ಕೆಲವರಿಗೆ ಯಾವ ಚಾಕುವೂ ಬೇಡ. ಇನ್ನು ಕೆಲವರು ಮುಳುಗುವವರ ಚಾಕು ಎಂದು ಗುರುತಿಸಿ, ತಮ್ಮ ವಶಕ್ಕೆ ತೆಗೆದುಕೊಂಡು, ಚೀಟಿ ಕೊಟ್ಟು, ದ್ವೀಪಕ್ಕೆ ಇಳಿಯುವ ದಿನ ಕೊಟ್ಟು, ಸಂಜೆ ಮತ್ತೆ ಇಸಿದುಕೊಳ್ಳುತ್ತಾರೆ. ಆದ್ದರಿಂದ ಟಿಕೆಟ್ಟಿನ ಜೊತೆಗೇ ಕಂಪನಿಗೆ ಮೇಲ್ ಬರೆದು ಕೇಳಿ: ಅಲಗಿನ ಉದ್ದ ಇಷ್ಟು, ಸ್ಕೂಬಾಕ್ಕೆ ಬೇಕು, ಒಪ್ಪಿಗೆ ಇದೆಯೇ? ಉತ್ತರವನ್ನು ಪ್ರಿಂಟು ತೆಗೆದು ಪೆಟ್ಟಿಗೆಯಲ್ಲಿಡಿ. ಫೋನಿನಲ್ಲಿ ಯಾರೋ ‘ಆಗುತ್ತೆ ಸಾರ್’ ಅಂದದ್ದು ಬಂದರಿನಲ್ಲಿ ಉಪಯೋಗಕ್ಕೆ ಬಾರದು.

ಚಾಕುವನ್ನು ಬಚ್ಚಿಡಬೇಡಿ. ಬಟ್ಟೆಯ ಮಡಿಕೆಯಲ್ಲಿ ಸುತ್ತಿಟ್ಟರೆ ಎಕ್ಸ್‌ರೇಗೆ ಇನ್ನೂ ಅನುಮಾನ ಹೆಚ್ಚು. ಒರೆಯಲ್ಲಿ ಹಾಕಿ, ಮುಖವಾಡ, ಫಿನ್ನು, ರೆಗ್ಯುಲೇಟರ್ ಇರುವ ಚೀಲದಲ್ಲೇ ಇಡಿ. ನೋಡಿದವನಿಗೆ ಅದು ಯಾವ ಮನೆಯ ಸಾಮಾನು ಎಂದು ಕೂಡಲೇ ತಿಳಿಯಬೇಕು. ಕಠಾರಿಯ ಹಾಗೆ ಚೂಪು ಮೊನೆಯಿದ್ದು ಕಪ್ಪು ಬಣ್ಣ ಬಳಿದ ಚಾಕು ನೋಡಲು ಗತ್ತು, ಅದರಿಂದ ತೊಂದರೆಯೂ ಅಷ್ಟೇ. ನಮ್ಮ ದೇಶದ 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಕಠಾರಿಗೆ ಹೆಸರು ಹಿಡಿದೇ ಜಾಗವಿದೆ. ಚಾಕುಗಳಲ್ಲಿ ಅದು ಹೇಳುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದವುಗಳನ್ನು, ಅದೂ ಮನೆಗೆಲಸ, ಕೃಷಿ ಮುಂತಾದವುಗಳಿಗೆಂದು ಮಾಡಿದವನ್ನು ಬಿಟ್ಟು. ಮುಳುಗುವವರಿಗೆ ಮೂರು ನಾಲ್ಕು ಇಂಚು ಧಾರಾಳ ಸಾಕು.

ಉಳಿದ ಸಾಮಾನುಗಳಲ್ಲಿ ಜನ ಎಡವುವುದು ಮಲ್ಟಿಟೂಲಿನಲ್ಲಿ. ಇಕ್ಕಳ, ಸ್ಕ್ರೂಡ್ರೈವರ್ ಎಲ್ಲ ಒಂದರಲ್ಲೇ ಇದೆಯೆಂದು ಒಯ್ಯುತ್ತಾರೆ, ಅದರೊಳಗೆ ಮಡಚಿಕೊಂಡ ಚಾಕು ಇರುವುದು ಮರೆತೇ ಹೋಗಿರುತ್ತದೆ. ಬದಲಿಗೆ ಬಿಡಿಬಿಡಿಯಾಗಿ ಒಯ್ಯಿರಿ: ಒಂದು ಸಣ್ಣ ಸ್ಪ್ಯಾನರ್, ಅಲೆನ್ ಕೀ, ನಾಲ್ಕಾರು ಓ-ರಿಂಗು, ಮುಖವಾಡಕ್ಕೆ ಇನ್ನೊಂದು ಪಟ್ಟಿ, ಕೇಬಲ್ ಟೈ. ಸಿಲಿಂಡರಿನ ಬಾಯಲ್ಲಿ ಕೂರುವ ಓ-ರಿಂಗು ಎಂಬ ಪುಟ್ಟ ರಬ್ಬರ್ ಬಳೆ ಹರಿದು ಇಡೀ ದಿನದ ಮುಳುಗು ತಪ್ಪಿದವರಿದ್ದಾರೆ. ಚಾಕು ಮರೆತು ಮುಳುಗು ತಪ್ಪಿಸಿಕೊಂಡವರನ್ನು ನಾನು ಕಂಡಿಲ್ಲ. ತುಂಬಿದ ಸಿಲಿಂಡರು, ಸೀಸದ ತೂಕ ಒಯ್ಯುವ ಮಾತೇ ಬೇಡ, ಅವು ಡೈವ್ ಸೆಂಟರಿನಲ್ಲೇ ಸಿಗುತ್ತವೆ. ಮೀನು ಚುಚ್ಚುವ ಬಂದೂಕು ಹಡಗಿಗಂತೂ ನಿಷಿದ್ಧ.

ಬಂದರು ತಲುಪುವ ದಾರಿಯೂ ಲೆಕ್ಕಕ್ಕೆ ಬರುತ್ತದೆ. ಕುಮಟಾದಲ್ಲಿ ಕೊಂಕಣ ರೈಲು ಹತ್ತಿ ಮುಂಬೈಗೋ ಎರ್ನಾಕುಳಂಗೋ ಹೋಗುವವರಿಗೆ ತಲೆನೋವು ಕಡಿಮೆ. ವಿಮಾನವಾದರೆ ಚಾಕು, ಕಟರ್, ಸ್ಪ್ಯಾನರ್ ಎಲ್ಲ ಚೆಕ್-ಇನ್ ಪೆಟ್ಟಿಗೆಗೆ. ನೀರಿನಡಿಯ ಟಾರ್ಚಿನ ಬಿಡಿ ಲಿಥಿಯಂ ಬ್ಯಾಟರಿಗೆ ಇದರ ತದ್ವಿರುದ್ಧ ನಿಯಮ. ಅದು ಕೈಚೀಲದಲ್ಲೇ ಇರಬೇಕು, ತುದಿಗಳಿಗೆ ಟೇಪು ಸುತ್ತಿರಬೇಕು.

ಇಷ್ಟಾದಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ‘ನನಗೆ ಚಾಕು ಬೇಕೇ ಬೇಕಾ?’ ನೇತ್ರಾಣಿಯಲ್ಲಿ ಮೊದಲ ಸಲ ಇಳಿಯುವವರಿಗೆ ಬೇಡ. ಪರಿಚಯದ ಮುಳುಗಿನ ಆಳ 12 ಮೀಟರು ದಾಟುವುದಿಲ್ಲ, ತರಬೇತುದಾರ ಕೈಯಳತೆಯಲ್ಲೇ ಇರುತ್ತಾನೆ, ಕತ್ತರಿಸುವ ಸಾಮಾನು ಅವನ ಬಳಿ ಇದ್ದರೆ ಸಾಕು. ಕಲಿಯದ ಕೈಗೆ ಚಾಕು ಸಿಕ್ಕರೆ ಅದು ಬಂಡೆ ಕೆರೆಯುತ್ತದೆ, ಚಿಪ್ಪು ಕೀಳುತ್ತದೆ. ಹವಳಕ್ಕೆ ನಮ್ಮ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ, ಸತ್ತ ತುಂಡನ್ನೂ ಎತ್ತಿಕೊಂಡು ಬರುವಂತಿಲ್ಲ. ಮೆಕ್ಸಿಕೋದ ಕೊಜುಮೆಲ್ ದ್ವೀಪದ ಹವಳ ಉದ್ಯಾನದಲ್ಲಿ ಇದೇ ಕಾರಣಕ್ಕೆ ಚಾಕುವನ್ನೂ ಕೈಗವಸನ್ನೂ ನಿಷೇಧಿಸಿದ್ದಾರೆ. ದೊಡ್ಡ ಹಡಗುಗಳು ಸಾಲುಗಟ್ಟಿ ಬರುವ ದ್ವೀಪವದು. ಹಡಗಿನವರು ಒಪ್ಪಿದ ಚಾಕುವನ್ನು ಅಲ್ಲಿ ನೀರು ಒಪ್ಪುವುದಿಲ್ಲ. ಕೋರ್ಸು ಮುಗಿಸಿ, ಜೊತೆಗಾರನೊಂದಿಗೆ ಸ್ವತಂತ್ರವಾಗಿ ಮುಳುಗತೊಡಗಿದಮೇಲೆ ಒಂದು ಕಟರ್ ಕೊಳ್ಳಿ.

ಹಡಗಿನವರು ವಶಕ್ಕೆ ತೆಗೆದುಕೊಂಡ ಸಾಮಾನು ಸಾಮಾನ್ಯವಾಗಿ ಕೊನೆಯ ದಿನ ಬೆಳಿಗ್ಗೆ, ಇಳಿಯುವ ಗಡಿಬಿಡಿಯಲ್ಲಿ ಕೈಗೆ ಸಿಗುತ್ತದೆ. ಅಷ್ಟರಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಹಿಂದಿನ ರಾತ್ರಿಯೇ ಕೊಂಡೊಯ್ದಿರುತ್ತಾರೆ, ಚಾಕು ಕೈಚೀಲಕ್ಕೆ ಹೋಗುತ್ತದೆ. ಅಲ್ಲಿಂದ ನೇರ ವಿಮಾನ ನಿಲ್ದಾಣಕ್ಕೆ ಹೋಗುವವರು, ಚೆಕ್-ಇನ್‌ಗೆ ಒಪ್ಪಿಸುವ ಮೊದಲೇ ಪೆಟ್ಟಿಗೆ ಬಿಚ್ಚಿ ಅದನ್ನು ಒಳಗೆ ಹಾಕಿ ಬೀಗ ಹಾಕಿ.